ಗಡಿಯಾರದವರನ್ನು ದೀರ್ಘಾವಧಿ ಹೂಡಿಕೆಯೆಂದು ಘೋಷಿಸುವ ಬಗ್ಗೆ

ಇಂದ:
ತಮ್ಮ ಸಂಜೆ ತಂಡದ ಅತಿ ಹಿರಿಯ ವಿದ್ಯಾರ್ಥಿಯ ಹೆಂಡತಿ
(ಇನ್ನು ಮುಂದೆ ‘ಅರ್ಜಿದಾರಳು’),
ಮೂಲೆಮನೆ, ಗಡಿಯಾರ ರಿಪೇರಿ ಅಂಗಡಿಯ ಎದುರು.

ಗೆ:
ಮುಖ್ಯ ತರಬೇತುದಾರರು,
ಷೇರು ವಹಿವಾಟು ತರಬೇತಿ ಕೇಂದ್ರ,
ಔಷಧಿ ಅಂಗಡಿಯ ಮೇಲಿನ ಮಹಡಿ.

ವಿಷಯ: ಎದುರು ಅಂಗಡಿಯ ಗಡಿಯಾರದವರ ಮೇಲೆ ಹಾಕಿರುವ ಸ್ಟಾಪ್‌ಲಾಸ್ ರದ್ದುಪಡಿಸಲು ಕೋರಿಕೆ.

ಉಲ್ಲೇಖ: (೧) “ನಮ್ಮ ತರಬೇತಿ ಕೊಟ್ಟ ಹಣಕ್ಕೆ ತಕ್ಕದ್ದಾಗಿತ್ತೇ? ಮನೆಯವರೂ ಅಭಿಪ್ರಾಯ ತಿಳಿಸಬಹುದು” ಎಂಬ ತಮ್ಮ ಸಂದೇಶ.
(೨) ಅದಕ್ಕೆ ಯಜಮಾನರು, ಅರ್ಜಿದಾರಳನ್ನು ಒಂದು ಮಾತೂ ಕೇಳದೆ, ಕೊಟ್ಟ ಐದು ನಕ್ಷತ್ರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರಳು ಪದವೀಧರೆ. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಪಡೆಯುವ ಕೆಲಸದಿಂದ ನಿವೃತ್ತಳಾದವಳು. ತಡವಾಗಿ ಬಂದ ಪುಸ್ತಕಕ್ಕೆ ದಂಡ ಹಾಕುವ ಮೊದಲು ಕಾರಣ ಕೇಳುವುದು ಅವಳ ಅಭ್ಯಾಸವಾಗಿತ್ತು. ಯಜಮಾನರು ಬಸ್ ನಿಲ್ದಾಣದಲ್ಲಿ ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆದು ನಿವೃತ್ತರಾದವರು. ತಡವಾದ ಬಸ್ಸಿನ ಮುಂದೆ ಕೆಂಪು ಗೆರೆ ಎಳೆಯುವುದಷ್ಟೇ ಅವರ ಕೆಲಸ. ಕಾರಣ ಕೇಳುವುದು ಬೇರೆ ಕೌಂಟರಿನದು. ದಂಪತಿಗಳ ನಡುವಿನ ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳುವುದು.

೨. ಷೇರು ವ್ಯಾಪಾರಕ್ಕೆಂದು ಯಜಮಾನರು ತೆಗೆದಿಟ್ಟಿದ್ದ ಹಣವೆಲ್ಲ ತಮ್ಮ ಶುಲ್ಕಕ್ಕೇ ಸರಿಹೋದ ಕಾರಣ, ವ್ಯಾಪಾರ ಮಾಡಲು ಏನೂ ಉಳಿಯಲಿಲ್ಲ. ಆದ್ದರಿಂದ ನಷ್ಟವೂ ಆಗಲಿಲ್ಲ. ಈ ಒಂದು ವಿಚಾರದಲ್ಲಿ ತಮ್ಮ ತರಬೇತಿ ಹಣಕ್ಕೆ ತಕ್ಕದ್ದೆಂದು ಅರ್ಜಿದಾರಳು ಒಪ್ಪುತ್ತಾಳೆ.

೩. “ಮೊದಲು ಪೇಪರ್ ಟ್ರೇಡಿಂಗ್ ಮಾಡಿ, ಕಾಗದದ ಮೇಲೆ ಕೊಳ್ಳಿ, ಕಾಗದದ ಮೇಲೆ ಮಾರಿ. ದಿನಾ ಕಣ್ಣಿಗೆ ಬೀಳುವ ಏರಿಳಿತ ಯಾವುದಾದರೂ ಆದೀತು” ಎಂದು ತಾವು ಅಪ್ಪಣೆ ಕೊಡಿಸಿದಿರಿ. ಯಜಮಾನರ ಕಣ್ಣಿಗೆ ದಿನಾ ಬೀಳುವುದು ಈ ಮನೆ. ಆದ ಕಾರಣ ಹಳೆಯ ಕ್ಯಾಲೆಂಡರಿನ ಹಾಳೆಗಳು ಬೆನ್ನು ಮೇಲಾಗಿ ಫ್ರಿಜ್ಜಿನ ಮೇಲೆ ಅಂಟಿದವು. ಅರ್ಜಿದಾರಳ ಕಸೂತಿ ಡಬ್ಬಿಯಿಂದ ಕೆಂಪು ದಾರ, ಹಸಿರು ದಾರ ಮಾಯವಾಗಿ ಆ ಹಾಳೆಗಳ ಮೇಲೆ, ತಮ್ಮ ಚಾರ್ಟುಗಳಲ್ಲಿರುವಂತೆ, ಏರಿಕೆಗೆ ಹಸಿರು, ಇಳಿಕೆಗೆ ಕೆಂಪು ಮೇಣದಬತ್ತಿಗಳಾಗಿ ಎದ್ದು ನಿಂತವು.

೪. ಮೊದಲು ವಹಿವಾಟಿಗೆ ಬಂದದ್ದು ಬೆಕ್ಕು. ಇಲಿ ಹಿಡಿಯುವುದರಲ್ಲಿ ನಿರಂತರ ಇಳಿಕೆ ಕಂಡ ಅದನ್ನು ಮಾರಲಾಯಿತು. ಬೆಕ್ಕು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, ಮಾರಿದವರ ತೊಡೆಯ ಮೇಲೆಯೇ ಮಲಗಿತು. ಅರ್ಜಿದಾರಳ ತಂಗಿಯ ಫೋನ್ ಕರೆಗಳನ್ನು ‘ಏರಿಳಿತ ಜಾಸ್ತಿ, ದುರ್ಬಲ ಹೃದಯದವರಿಗಲ್ಲ’ ಎಂದು ನಮೂದಿಸಲಾಯಿತು. ಮೂರನೆಯ ಲೋಟ ಚಹಾ ಕೇಳಿದಾಗ ಅರ್ಜಿದಾರಳು ನೋಡಿದ ನೋಟಕ್ಕೆ ‘ಪ್ರತಿರೋಧ ಮಟ್ಟ’ ಎಂದು ಹೆಸರಾಯಿತು.

“ಏನ್ರೀ, ನಾನೂ ಇದೀನಾ ಇದರಲ್ಲಿ?” ಎಂದು ಕೇಳಿದ್ದಕ್ಕೆ, “ನಿನ್ನ ಚಾರ್ಟು ಚೆನ್ನಾಗೇ ಇದೆ ಕಣೇ. ಬೆಳಿಗ್ಗೆ ಮಾತ್ರ ಸ್ವಲ್ಪ ಡೌನು” ಎಂದರು.

ಇಷ್ಟರವರೆಗೆ ಅರ್ಜಿದಾರಳಿಗೆ ಯಾವ ತಕರಾರೂ ಇರಲಿಲ್ಲ. ನಿವೃತ್ತಿಯ ನಂತರ ಅವರನ್ನು ಇಷ್ಟು ಲವಲವಿಕೆಯಿಂದ ಕಂಡಿರಲಿಲ್ಲ.

೫. ಈಗ ಗಡಿಯಾರದವರ ವಿಚಾರ. ಎದುರಿಗೆ ಗಡಿಯಾರ ರಿಪೇರಿ ಅಂಗಡಿ ಇಟ್ಟಿರುವ ಇವರು ಯಜಮಾನರ ಏಕೈಕ ಸ್ನೇಹಿತರು. ಪ್ರತಿ ಸಂಜೆ ಐದಕ್ಕೆ ಸರಿಯಾಗಿ ಬಂದು ಚದುರಂಗ ಆಡಿ, ಜಗಳ ಆಡಿ, ದೀಪ ಹಚ್ಚುವ ಹೊತ್ತಿಗೆ ಹೋಗುತ್ತಿದ್ದರು. ತಮ್ಮ ತರಬೇತಿ ಶುರುವಾದ ಮೇಲೆ ಅವರು ಬರುವುದು ತಡವಾಗತೊಡಗಿತು. ಕೂರುವುದು ಕಡಿಮೆಯಾಗತೊಡಗಿತು. ಕೆಲವು ದಿನ ಬರಲೇ ಇಲ್ಲ. ಬಸ್ಸು ಬರೆದ ಕೈ ಸುಮ್ಮನಿರುತ್ತದೆಯೇ? ಫ್ರಿಜ್ಜಿನ ಮೇಲೆ ಸಾಲಾಗಿ ಕೆಂಪು ದಾರ ಬಿತ್ತು.

೬. ‘ಬೆಲೆ ಇಷ್ಟಕ್ಕಿಂತ ಕೆಳಗಿಳಿದರೆ ಹಿಂದೆಮುಂದೆ ನೋಡದೆ ಮಾರಿಬಿಡಿ, ಅದೇ ಸ್ಟಾಪ್‌ಲಾಸ್’ ಎಂದು ತಾವು ಕಲಿಸಿದ್ದೀರಿ. ಯಜಮಾನರು ಕಲಿತಿದ್ದಾರೆ. ಕಳೆದ ತಿಂಗಳು ಒಂದು ಸಂಜೆ ಗಡಿಯಾರದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ನಡೆದ ಮಾತುಕತೆಯನ್ನು ಇದ್ದದ್ದು ಇದ್ದಂತೆ ಕೊಡಲಾಗಿದೆ:

“ನಿನ್ನನ್ನ ಇವತ್ತು ಮಾರಿಬಿಟ್ಟೆ ಕಣಯ್ಯಾ.”

“ಹೌದಾ? ಎಷ್ಟಕ್ಕೆ ಹೋದೆ?”

“ಅದು ಪೇಪರ್ ಟ್ರೇಡಿಂಗು. ದುಡ್ಡಿಲ್ಲ.”

“ಮತ್ತೆ ಕೊಂಡ ಮಹಾನುಭಾವ ಯಾರು? ಅವನ ಮನೇಲಿ ಟೀ ಚೆನ್ನಾಗಿರುತ್ತಾ?”

“ತಮಾಷೆ ಅಲ್ಲಯ್ಯಾ. ನಿನ್ನ ಟ್ರೆಂಡೇ ಸರಿ ಇಲ್ಲ. ಗಡಿಯಾರದವನೇ ಹೊತ್ತಿಗೆ ಬರಲ್ಲ ಅಂದ್ರೆ ಏನರ್ಥ? ಬರೋಕೆ ಮನಸ್ಸಿಲ್ಲ ಅಂತ ಅರ್ಥ.”

ಗಡಿಯಾರದವರು ನಗುತ್ತಲೇ ಒಳಗೆ ನೋಡಿದರು. ಚದುರಂಗದ ಮಣೆ ಬೀರುವಿನ ಮೇಲೆ ಹತ್ತಿ ಕೂತಿತ್ತು. ಆಗ ನಗು ನಿಂತಿತು. “ಅತ್ತಿಗೆ, ನಿಮ್ಮ ಅಡುಗೆಮನೆ ಗಡಿಯಾರ ಸ್ವಲ್ಪ ಹಿಂದೆ ಬಿದ್ದಿದೆ” ಎಂದು ಒಳಗೆ ಬಂದು, ಸರಿಮಾಡಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಅಂದಿನಿಂದ ಬಂದಿಲ್ಲ.

೭. ಅರ್ಜಿದಾರಳು ಅಡುಗೆಮನೆಯ ಗಡಿಯಾರವನ್ನು, ಅದು ಚೆನ್ನಾಗಿ ನಡೆಯುತ್ತಿದ್ದರೂ, ಚೀಲಕ್ಕೆ ಹಾಕಿಕೊಂಡು ರಸ್ತೆ ದಾಟಿದಳು. ಗಡಿಯಾರದವರು ಅದನ್ನು ಕಿವಿಗೆ ಹಿಡಿದು, “ಇದಕ್ಕೇನೂ ಆಗಿಲ್ವಲ್ಲ ಅತ್ತಿಗೆ” ಎಂದರು. “ಅದಕ್ಕಾಗಿಲ್ಲ, ನಿಮಗೇನಾಗಿದೆ ಹೇಳಿ” ಎಂದದ್ದಕ್ಕೆ ಸ್ಟೂಲು ಒರೆಸಿ ಕೂರಿಸಿ ಹೇಳಿದ್ದಿಷ್ಟು:

“ನಾನು ಐದಕ್ಕೇ ಬರ್ತಿದ್ದೆ. ಐದಕ್ಕೇ ಇವನ ಮೊಬೈಲ್ ಪಾಠ ಶುರು. ಅಷ್ಟು ದುಡ್ಡು ಕಟ್ಟಿ ಕಲೀತಿದಾನೆ, ನಾನು ಹೋಗಿ ಎದುರಿಗೆ ಕೂತ್ರೆ ಗಮನ ಎಲ್ಲಿರುತ್ತೆ? ಅದಕ್ಕೆ ಹೊರಗೆ ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ಪಾಠ ಮುಗೀಲಿ ಅಂತ. ಬೆನ್ನು ಹಿಡ್ಕೊಂಡ ದಿನ ಎದ್ದು ವಾಪಸ್ ಬಂದುಬಿಡ್ತಿದ್ದೆ.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಪಾಠ ಬಿಟ್ಬಿಡ್ತಾನೆ. ಅವನ ಬುದ್ಧಿ ಗೊತ್ತಲ್ಲ. ನೀವೂ ಹೇಳ್ಬೇಡಿ ಅತ್ತಿಗೆ. ದುಡ್ಡು ಕೊಟ್ಟು ಸ್ನೇಹ ಕೆಡಿಸ್ಕೊಂಡೆ ಅಂತ ಕೊರಗ್ತಾನೆ. ಪಾಪ, ನಿದ್ದೆ ಮಾಡಲ್ಲ.”

ಅರ್ಜಿದಾರಳು ಮಾತು ಕೊಟ್ಟಿದ್ದಾಳೆ. ಆದ ಕಾರಣ ಮನೆಯೊಳಗೆ ತೀರಬೇಕಾದ ವಿಷಯ ತಮ್ಮ ಮೇಜಿನವರೆಗೆ ಬಂದಿದೆ. ಕೆಂಪು ದಾರಕ್ಕೆ ಕಾರಣ ತಮ್ಮ ತರಬೇತಿಯ ವೇಳಾಪಟ್ಟಿಯೇ ಎಂಬುದನ್ನು ತಾವು ದಯಮಾಡಿ ಗಮನಿಸುವುದು.

೮. ಮೆಟ್ಟಿಲ ಮೇಲೆ ಕೂತ ಗಡಿಯಾರದವರಿಗೆ, ತಮ್ಮ ಧ್ವನಿ ದೊಡ್ಡದಾದ್ದರಿಂದಲೂ ಯಜಮಾನರ ಕಿವಿ ಮಂದವಾದ್ದರಿಂದಲೂ, ಇಡೀ ತರಬೇತಿ ಶುಲ್ಕವಿಲ್ಲದೆ ಕೇಳಿಸಿರುತ್ತದೆ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲವೆಂದು ತಿಳಿಸಲಾಗಿದೆ. ಅವರೂ ಒಂದು ಷೇರನ್ನೂ ಕೊಂಡಿಲ್ಲ. ಹಣ ಕಟ್ಟಿ ಕಲಿತವರಿಗೂ ಕಟ್ಟದೆ ಕಲಿತವರಿಗೂ ಫಲಿತಾಂಶ ಒಂದೇ ಆಗಿರುವುದನ್ನು ತಮ್ಮ ಸಮೀಕ್ಷೆಗೆ ಬಳಸಿಕೊಳ್ಳಬಹುದು.

೯. “ಬೆಲೆ ಇಳಿದಿದೆ ಅಂತ ಮಾರೋ ಮೊದಲು ಯಾಕೆ ಇಳಿದಿದೆ ಅಂತ ವಿಚಾರಿಸಿ” ಎಂದು ತಾವು ಒಂದು ಸಂಜೆ ಬಲು ಚೆನ್ನಾಗಿ ಹೇಳಿದಿರಿ. ಅರ್ಜಿದಾರಳು ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡಳು, ಗಡಿಯಾರದವರು ಮೆಟ್ಟಿಲ ಮೇಲೆ ಕೇಳಿಸಿಕೊಂಡರು. ಕೇಳಿಸಿಕೊಳ್ಳದೆ ಹೋದವರು ಶುಲ್ಕ ಕಟ್ಟಿದವರೊಬ್ಬರೇ. ಅವರು ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗಿದ್ದರು. ಆ ಒಂದು ಗಂಟೆ ತಮಗೆ ಪರದೆಯ ಮೇಲೆ ಅವರ ನಡುನೆತ್ತಿ ಮಾತ್ರ ಕಾಣಿಸಿರಬೇಕು. ಆದರೂ ತಾವು ಹೆಸರು ಹಿಡಿದು ಕೂಗಲಿಲ್ಲ, ಉಳಿದ ಹುಡುಗರು ನಗಲು ಬಿಡಲಿಲ್ಲ. ಕೊನೆಯಲ್ಲಿ “ಹಿರಿಯರಿಗೆ ನಮಸ್ಕಾರ” ಎಂದು ಮೆಲ್ಲಗೆ ಹೇಳಿ ಮುಗಿಸಿದಿರಿ. ಅರ್ಜಿದಾರಳು ಅದನ್ನು ಮರೆತಿಲ್ಲ. ಈ ಅರ್ಜಿ ಬರೆಯುವ ಧೈರ್ಯ ಬಂದದ್ದೂ ಅದರಿಂದಲೇ.

೧೦. ಸದ್ಯದ ಸ್ಥಿತಿ: ‘ಮಾರಿದ ಷೇರಿನ ಹಿಂದೆ ಮತ್ತೆ ಓಡಬೇಡಿ’ ಎಂಬ ತಮ್ಮ ನಿಯಮದಿಂದಾಗಿ ಯಜಮಾನರು ರಸ್ತೆ ದಾಟುತ್ತಿಲ್ಲ. ತರಬೇತಿ ಮುಗಿದಿದ್ದರೂ ಐದಕ್ಕೆ ಸ್ವಲ್ಪ ಮೊದಲು ಎರಡು ಕುರ್ಚಿ ತಂದು ಜಗಲಿಯ ಮೇಲೆ ಹಾಕುತ್ತಾರೆ. ಕತ್ತಲಾದ ಮೇಲೆ ಒಂದನ್ನು ಒಳಗೆ ಇಡುತ್ತಾರೆ, ಇನ್ನೊಂದರಲ್ಲಿ ಕೂತಿರುತ್ತಾರೆ. ಅತ್ತ ಗಡಿಯಾರದವರು ಓದಿ ಮುಗಿಸಿದ ಪತ್ರಿಕೆಯನ್ನು ಎಂದಿನಂತೆ ನಮ್ಮ ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ, ಷೇರು ಬೆಲೆಗಳ ಪುಟ ಮೇಲೆ ಬರುವಂತೆ ಮಡಚಿ.

ಆದ್ದರಿಂದ, ಯಜಮಾನರು ಈಗ ತರಬೇತುದಾರರಾದ ತಮ್ಮ ಮಾತು ಬಿಟ್ಟರೆ ಬೇರೆ ಯಾರ ಮಾತನ್ನೂ ನಂಬದ ಕಾರಣ, ಅರ್ಜಿದಾರಳ ಕೋರಿಕೆಗಳು ಇಂತಿವೆ:

(ಅ) ‘ಬಹುಕಾಲದ ಗೆಳೆಯರು ದೀರ್ಘಾವಧಿ ಹೂಡಿಕೆಯ ಗುಂಪಿಗೆ ಸೇರುತ್ತಾರೆ, ಅವರಿಗೆ ಸ್ಟಾಪ್‌ಲಾಸ್ ಅನ್ವಯಿಸುವುದಿಲ್ಲ, ತಪ್ಪಿ ಮಾರಿದ್ದಲ್ಲಿ ಕೂಡಲೇ ಮರಳಿ ಪಡೆಯತಕ್ಕದ್ದು’ ಎಂದು ತಮ್ಮ ಕೇಂದ್ರದ ಕಾಗದದಲ್ಲಿ, ದುಂಡನೆಯ ಮೊಹರು ಹಾಕಿ, ಯಜಮಾನರಿಗೆ ಪತ್ರ ಕೊಡುವುದು.

(ಆ) ಅವರು ನಿದ್ದೆಯಲ್ಲಿ ಕಳೆದುಕೊಂಡ ಪಾಠವನ್ನು ಇನ್ನೊಮ್ಮೆ ಹೇಳುವುದು. ಸಂಜೆ ಐದೊಂದು ಬಿಟ್ಟು ಯಾವ ಹೊತ್ತಾದರೂ ಸರಿ.

(ಇ) ಗಡಿಯಾರದವರಿಂದ ಶುಲ್ಕ ಕೇಳದಿರುವುದು. ಅವರು ಕೂತದ್ದು ನಮ್ಮ ಮೆಟ್ಟಿಲ ಮೇಲೆ.

ಉಲ್ಲೇಖ (೧)ರ ಪ್ರಶ್ನೆಗೆ ಅರ್ಜಿದಾರಳ ಪಾಲಿನ ನಕ್ಷತ್ರಗಳನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ಬೀರುವಿನ ಮೇಲಿಂದ ಮಣೆ ಇಳಿದ ದಿನ ಐದನ್ನೂ ಒಟ್ಟಿಗೇ ಕಳುಹಿಸಲಾಗುವುದು.

ತಮ್ಮಲ್ಲಿ ವಿಶ್ವಾಸವುಳ್ಳ, ಮಾರುಕಟ್ಟೆಯಲ್ಲಿ ಅಷ್ಟಿಲ್ಲದ,
ಅರ್ಜಿದಾರಳು

ಲಗತ್ತುಗಳು:
೧. ಗಡಿಯಾರದವರ ಚಾರ್ಟಿನ ನಕಲು (ಮೂಲಪ್ರತಿ ಫ್ರಿಜ್ಜಿನ ಮೇಲಿದೆ).
೨. ಹಸಿರು ದಾರದ ಒಂದು ಉಂಡೆ, ತಾವು ಪತ್ರದ ಜೊತೆ ಯಜಮಾನರಿಗೆ ಕಳುಹಿಸಲು. ಮನೆಯಲ್ಲಿದ್ದದ್ದು ಅರ್ಜಿದಾರಳ ಚಾರ್ಟಿಗೇ ಖರ್ಚಾಗಿದೆ.
೩. ಬಿಸ್ಕತ್ತು, ಒಂದು ಪೊಟ್ಟಣ. ಅಷ್ಟು ಗಟ್ಟಿಯಾಗಿ ಪಾಠ ಹೇಳುವವರು ನಡುವೆ ಏನಾದರೂ ತಿನ್ನಬೇಕು.

ವಿ.ಸೂ.: ತಾವು ಕೊಡುವ ಪತ್ರವನ್ನು ಅಂಚೆಗೆ ಹಾಕದೆ ಯಾರ ಕೈಯಲ್ಲಾದರೂ ಐದಕ್ಕೆ ಸರಿಯಾಗಿ ಮುಟ್ಟಿಸಬೇಕಾಗಿ ವಿನಂತಿ. ಆ ಹೊತ್ತಿಗೆ ಎರಡೂ ಕುರ್ಚಿಗಳು ಹೊರಗಿರುತ್ತವೆ.