ಮಾವನ ಹೋಟೆಲಿನ ಅಧಿವೇಶನ

ಈ ದೇಶದಲ್ಲಿ ವಿರೋಧ ಪಕ್ಷ ಅಂತ ಒಂದು ಇನ್ನೂ ಉಸಿರಾಡುತ್ತಿದ್ದರೆ ಅದಕ್ಕೆ ಕಾರಣ ನಮ್ಮ ಸೋದರಮಾವ. ನಗಬೇಡಿ! ದೆಹಲಿಯಲ್ಲಿ ಯಾರೇ ಗೆಲ್ಲಲಿ, ಫಲಿತಾಂಶ ಬಂದ ಸಂಜೆಗೇ ಸೋತವರ ಕಡೆ ಒಬ್ಬ ಸದಸ್ಯ ಹೆಚ್ಚಾಗಿರುತ್ತಾನೆ, ಅವನು ನಮ್ಮ ಮಾವ. ಒಮ್ಮೆ ಗ್ರಹಚಾರ ಕೆಟ್ಟು ಅವರು ಓಟು ಹಾಕಿದ ಪಕ್ಷವೇ ಗೆದ್ದುಬಿಟ್ಟಿತು. ಮಾವನಿಗೆ ಜ್ವರ ಬಂತು. ಅತ್ತೆ ಮೆಣಸಿನ ಕಷಾಯ ಕುಡಿಸಿ ಮಲಗಿಸಿದರು. ಬೆಳಿಗ್ಗೆ ಎದ್ದವರು ಪಕ್ಷಾಂತರ ಮಾಡಿ ಮುಗಿಸಿದ್ದರು, ಜ್ವರವೂ ಬಿಟ್ಟಿತ್ತು.

"ಗೆದ್ದೋರಿಗೆ ಹಾರ ಹಾಕಾಕೆ ಊರೆಲ್ಲ ಐತೆ ಪುಟ್ಟಿ," ಎಂದರು ನನಗೆ. "ಕೇಳೋನು ಅಂತ ಒಬ್ಬ ಬೇಡ್ವೇನೆ?"

ಮಾವನದು ಕೊಡಗಿನ ಸಿದ್ದಾಪುರದ ಬಸ್ ನಿಲ್ದಾಣದ ಎದುರಿಗೆ ಒಂದು ಸಣ್ಣ ಹೋಟೆಲು. ಶನಿವಾರಸಂತೆ ಕಡೆಯ ನಮ್ಮ ಜನ ಇಷ್ಟು ದೂರ ಬಂದು ಎಸ್ಟೇಟುಗಳ ನಡುವೆ ದೋಸೆ ಹುಯ್ಯುವುದು ಅಪರೂಪ. ಆದರೆ ಊರಿನಲ್ಲಿ ಎಲ್ಲರೂ ಮಾವನ ಮಾತಿಗೆ ಹೂಂಗುಟ್ಟತೊಡಗಿದ್ದರಿಂದ ಅವರು ಬೇಸತ್ತು ಹೊರಟುಬಂದರು ಎಂಬುದು ಅತ್ತೆಯ ವಾದ. ಒಳಗೆ ಅಡುಗೆ ಅತ್ತೆಯದು. ಹೊರಗೆ ಕಾಫಿ, ಗಲ್ಲಾ ಮತ್ತು ಪ್ರಜಾಪ್ರಭುತ್ವ ಮಾವನದು. ನಾನು ಹತ್ತಿರದ ಶಾಲೆಯಲ್ಲಿ ಮೇಷ್ಟ್ರಮ್ಮ. ಸಂಜೆ ಶಾಲೆ ಬಿಟ್ಟು ವಿರಾಜಪೇಟೆಯ ಬಸ್ಸಿಗೆ ಕಾಯುವಷ್ಟು ಹೊತ್ತು ಅಲ್ಲೇ ಕೂರುತ್ತೇನೆ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಸ್ವಲ್ಪ ಮಾತ್ರ ಸೇರಿಸಿದ್ದು.

ಗಲ್ಲಾದ ಮೇಲೆ, ದೇವರ ಪಟದ ಪಕ್ಕದಲ್ಲೇ ಟಿ.ವಿ. ಅಧಿವೇಶನ ಶುರುವಾಯಿತೆಂದರೆ ಅದರಲ್ಲಿ ಕ್ರಿಕೆಟ್ಟಿಲ್ಲ, ಧಾರಾವಾಹಿಯಿಲ್ಲ, ಬರೀ ಸಂಸತ್ತು. ಹೋಟೆಲಿನ ಆಸನ ವ್ಯವಸ್ಥೆಯೂ ಹಾಗೆಯೇ. ಗಲ್ಲಾದ ಬಲಗಡೆಯ ಬೆಂಚುಗಳು ಆಡಳಿತ ಪಕ್ಷಕ್ಕೆ, ಎಡಗಡೆ ಕೈತೊಳೆಯುವ ಬೇಸಿನ್ ಪಕ್ಕದವು ವಿರೋಧ ಪಕ್ಷಕ್ಕೆ. ಗೋಡೆಯಲ್ಲಿರುವ ಒಂದೇ ಫ್ಯಾನು ಬಲಗಡೆಗೇ ಮುಖ ಮಾಡಿದೆ. ಬಸ್ ಡ್ರೈವರ್ ಹಂಸಾಕನಿಗೆ ರಾಜಕೀಯ ಬೇಕಿಲ್ಲ, ಗಾಳಿ ಬೇಕು. ಆದ್ದರಿಂದ ಅವನು ಯಾವ ಸರ್ಕಾರ ಬಂದರೂ ಆಡಳಿತ ಪಕ್ಷ. "ಎಲ್ಲಾ ಕಡೇನೂ ಹಿಂಗೇ ಕಣ್ರೀ, ಗಾಳಿ ಇರೋ ಕಡೇನೇ ಜನ," ಎಂದು ಮಾವ ಅವನ ಮುಖಕ್ಕೇ ಹೇಳುತ್ತಾರೆ. ಹಂಸಾಕ ನಗುತ್ತಾ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಳ್ಳುತ್ತಾನೆ.

ಒಂದು ದಿನ ಹೊಸಬನೊಬ್ಬ ಚೀಲ ಹೊತ್ತುಕೊಂಡು ಬಂದು ಎರಡು ಸಾಲಿನ ನಡುವೆ ನಿಂತ. ಮಾವ ಗಂಭೀರವಾಗಿ ಕೇಳಿದರು, "ತಾವು ಯಾವ ಕಡೆಯೋರು?"

"ಮಾಕುಟ್ಟ ಕಡೆ," ಎಂದ ಪಾಪ.

"ಕೇರಳದ ಗಡಿಯೋರು! ಹಂಗಾದ್ರೆ ಪಕ್ಷೇತರ," ಎಂದು ಮಾವ ಅವನಿಗೆ ಬಾಗಿಲ ಬಳಿ ಸ್ಟೂಲು ಹಾಕಿಸಿದರು. ಆತ ಕಾಫಿ ಕುಡಿದು ಹೋದವನು ಇನ್ನೂ ತಿರುಗಿ ಬಂದಿಲ್ಲ.

ಇದೆಲ್ಲ ತಮಾಷೆಯಾಗಿಯೇ ಮುಂದುವರಿಯುತ್ತಿತ್ತು, ದೇಶದ ಆರ್ಥಿಕತೆ ನೆಲಕಚ್ಚದೇ ಇದ್ದಿದ್ದರೆ. ಗ್ಯಾಸು ಏರಿತು, ಎಣ್ಣೆ ಏರಿತು, ಉದ್ದಿನಬೇಳೆ ಏರಿತು. ಎಲ್ಲಕ್ಕಿಂತ ಹೆಚ್ಚಾಗಿ ಕಾಫಿಪುಡಿ ಏರಿತು. ವಿಚಿತ್ರ ನೋಡಿ! ಸುತ್ತ ಎತ್ತ ತಿರುಗಿದರೂ ಕಾಫಿ ಗಿಡ, ತೋಟದವರ ಮುಖದಲ್ಲಿ ಮದುವೆ ಮನೆಯ ಕಳೆ, ನಡುವೆ ನಮ್ಮ ಮಾವ ಒಂದು ಚಮಚ ಪುಡಿಗೆ ನಿಟ್ಟುಸಿರು ಬಿಡುತ್ತಿದ್ದಾರೆ. ಅತ್ತೆ ಒಂದು ದಿನ ಅಡುಗೆಮನೆಯಿಂದಲೇ ಹೇಳಿದರು, "ಒಂದೋ ಬೆಲೆ ಏರ್ಸಿ. ಇಲ್ಲಾಂದ್ರೆ ದೀಪಾವಳಿ ಹೊತ್ತಿಗೆ ಷಟರ್ ಎಳ್ಕೊಂಡು ಮನೇಲಿ ಕೂರಾಣ."

ಅತ್ತೆ ಉತ್ಪ್ರೇಕ್ಷೆಯ ಹೆಂಗಸಲ್ಲ. ಆದರೆ ಮಾವ ಹಿಂದಿನ ವಾರವಷ್ಟೇ ಟಿ.ವಿ. ಕೆಳಗೆ ನಿಂತು, ಕಾಫಿ ಸೋಸುವ ಬಟ್ಟೆಯನ್ನು ಬಾವುಟದಂತೆ ಎತ್ತಿ ಹಿಡಿದು, ತುಂಬಿದ ಸದನದಲ್ಲಿ ಘೋಷಿಸಿದ್ದರು: "ಏನಾದ್ರೂ ಆಗ್ಲಿ, ಈ ಹೋಟ್ಲಲ್ಲಿ ಬೆಲೆ ಏರಕ್ಕಿಲ್ಲ!" ಚಪ್ಪಾಳೆಯೂ ಬಿದ್ದಿತ್ತು. ಬೆಲೆ ಏರಿಕೆಗೆ ಬಾಯಿ ಬಡಿದುಕೊಳ್ಳುವ ನಾಯಕನೇ ಬೆಲೆ ಏರಿಸಿದರೆ ನಾಳೆ ಯಾವ ಮುಖ ಇಟ್ಟುಕೊಂಡು ಪ್ರಶ್ನೆ ಕೇಳುವುದು? ಹೋಟೆಲ್ ಉಳಿಯಬೇಕೋ, ಮಾತು ಉಳಿಯಬೇಕೋ? ಮಾವ ಎರಡನ್ನೂ ಉಳಿಸಲು ಹೊರಟರು. ಅಲ್ಲಿಗೆ ಕಥೆ ಕೆಟ್ಟಿತು.

ಮೊದಲು ಲೋಟ ಚಿಕ್ಕದಾಯಿತು. ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಸೆಲ್ವಂ ಅವರ ಕಣ್ಣು ತಪ್ಪಿಸಲಾದೀತೆ? ದಿನವಿಡೀ ಕಾಫಿ ಹಣ್ಣು ಕೀಳುವವರ ಚೀಲ ತೂಗಿಸುವ ಮನುಷ್ಯ. ಲೋಟವನ್ನು ಅಂಗೈಯಲ್ಲಿಟ್ಟು ತೂಗಿ, "ಏನ್ ಸಾರ್ ಇದು, ಲೋಟ ಮರಿ ಹಾಕಿದೆಯಾ?" ಎಂದರು. ಮಾವನ ಮುಖ ಕೆಂಪಾಯಿತು. ಮಾರನೆಯ ದಿನ ಹಳೆಯ ಲೋಟಗಳು ಬಂದವು. ಆಮೇಲೆ ವಡೆಯ ತೂತು ದೊಡ್ಡದಾಯಿತು. ಹಂಸಾಕ ಒಂದು ವಡೆ ಎತ್ತಿ, ಅದರ ತೂತಿನಲ್ಲಿ ಒಂದು ಕಣ್ಣಿಟ್ಟು ಟಿ.ವಿ. ನೋಡಿ, ಮಲಯಾಳದಲ್ಲಿ ದೇವರನ್ನು ಕರೆದು, "ಪಡಚ್ಚೋನೇ! ಸಾವ್ಕಾರ್ರೇ, ಇದ್ರಲ್ಲಿ ಪೂರಾ ಪಾರ್ಲಿಮೆಂಟ್ ಕಾಣ್ತದೆ!" ಎಂದ. ತೂತನ್ನೂ ವಾಪಸು ತೆಗೆದುಕೊಳ್ಳಬೇಕಾಯಿತು.

ಈ ಮಧ್ಯೆ ದೆಹಲಿಯಲ್ಲಿ ಬೆಲೆ ಏರಿಕೆಯ ಮೇಲೆ ಚರ್ಚೆ ಬಂತು. ಅಂದು ಮಾವ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಗಲ್ಲಾದಲ್ಲಿ ಕೂತಿದ್ದರು. ವಿರೋಧ ಪಕ್ಷದ ನಾಯಕರು ಎದ್ದು ನಿಂತರು. ಮಾವನೂ ಎದ್ದು ನಿಂತರು.

"ಕೇಳಯ್ಯಾ, ಗ್ಯಾಸು ಕೇಳು! ಹಾಂ, ಅದೇ! ಉದ್ದಿನಬೇಳೆ ಬಿಟ್ಬಿಟ್ಟೆ ನೋಡು! ಏ, ಕಾಗದ ಆಮೇಲೆ ಓದೂವಂತೆ, ಉದ್ದಿನಬೇಳೆ!"

ನಾಯಕರಿಗೆ ಕೇಳಿಸಲಿಲ್ಲವೋ, ಕನ್ನಡ ಬರುವುದಿಲ್ಲವೋ, ಉದ್ದಿನಬೇಳೆ ಕೊನೆಗೂ ಬರಲಿಲ್ಲ. ಹೊರಗೆ ಹಂಸಾಕನ ಬಸ್ಸಿನಲ್ಲಿ ಜನ ಹೊತ್ತಾಯಿತೆಂದು ಸೀಟು ಬಡಿಯುತ್ತಿದ್ದರು. "ಸದನ ಮುಗೀದೆ ಡ್ರೈವರು ಹೆಂಗೆ ಏಳ್ತಾನೆ, ಶಿಸ್ತು ಬೇಡ್ವಾ?" ಎಂದು ಮಾವ ಹಂಸಾಕನ ಭುಜ ಒತ್ತಿ ಕೂರಿಸಿದರು. ಇನ್ನೇನು ಸಚಿವರು ಉತ್ತರ ಕೊಡಲು ಎದ್ದರು, ಬಾಯಿ ತೆರೆದರು, ಕರೆಂಟು ಹೋಯಿತು!

ನಮ್ಮಲ್ಲಿ ಕರೆಂಟು ಹೋಗಲು ಒಂದು ಕೊಂಬೆ ಅಲ್ಲಾಡಿದರೂ ಸಾಕು. ಆದರೆ ಮಾವ ಒಪ್ಪಬೇಕಲ್ಲ. "ಕೈವಾಡ! ಉತ್ತರ ಇಲ್ಲ, ಅದ್ಕೇ ಫ್ಯೂಸ್ ಕಿತ್ತವ್ರೆ!" ಎಂದು ಗುಡುಗಿದರು. ಕತ್ತಲಲ್ಲಿ ಸದನ ನಿಲ್ಲುವಂತಿಲ್ಲ. ಮೇಣದ ಬತ್ತಿ ಹಚ್ಚಿ, ಸೆಲ್ವಂ ಅವರನ್ನೇ ಹಣಕಾಸು ಸಚಿವರನ್ನಾಗಿ ಮಾಡಿ, ಅವರ ಮುಂದೆ ನಿಂತು ಒಂದೊಂದೂ ಮೊಳದುದ್ದದ ಪ್ರಶ್ನೆಗಳನ್ನು ಹಾಕಿದರು. ಸೆಲ್ವಂ ನಿಧಾನವಾಗಿ ಕಾಫಿ ಹೀರಿ ಪ್ರತಿಯೊಂದಕ್ಕೂ ಒಂದೇ ಉತ್ತರ ಕೊಟ್ಟರು, "ಮೇಲಿನವರಿಗೆ ತಿಳಿಸಿದ್ದೇವೆ, ನೋಡೋಣ."

"ಭಲೆ! ಥೇಟ್ ಸಚಿವರೇ! ಎಲ್ಲಿ ಕಲಿತ್ರಿ ರೈಟ್ರೇ?"

"ಲೈನ್‌ಮನೆ ಮಳೆಗೆ ಸೋರ್ತದೆ ಅಂತ ಎಸ್ಟೇಟಿನ ಕೂಲಿ ಜನ ಬಂದಾಗ ನಾನು ದಿನಾ ಹೇಳೋದೇ ಇದಲ್ವಾ ಸಾರ್?" ಎಂದರು ಸೆಲ್ವಂ.

ಹೀಗೆ ನಗುನಗುತ್ತಲೇ ದೀಪಾವಳಿ ಹತ್ತಿರ ಬಂತು. ಗ್ಯಾಸಿನ ಎರಡು ಒಲೆಗಳಲ್ಲಿ ಒಂದು ಆರಿತು. ಸಂಜೆಯ ಬಜ್ಜಿ ನಿಂತಿತು. ನಾನು ಒಂದೆರಡು ಸಲ, "ಮಾವ, ಎರಡು ರೂಪಾಯಿ ಏರ್ಸಿದ್ರೆ ಯಾರೂ ಏನೂ ಅನ್ನಲ್ಲ," ಎಂದೆ. "ಯಾರೂ ಏನೂ ಅನ್ನಲ್ಲ ಅಂತಾನೇ ದೇಶ ಹಿಂಗಾಗಿರೋದು," ಎಂದು ನನ್ನ ಬಾಯಿ ಮುಚ್ಚಿಸಿದರು.

ಒಂದು ಗುರುವಾರ ಸಂಜೆ ಹೋಗಿ ನೋಡುತ್ತೇನೆ, ಟಿ.ವಿ. ಆರಿಸಿದ್ದಾರೆ! ಅಧಿವೇಶನ ನಡೆಯುತ್ತಿರುವಾಗ! ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗಲ್ಲಾ ಬಿಟ್ಟು ಬಂದು ಬಲಗಡೆಯ ಬೆಂಚಿನ ಮುಂದೆ, ಫ್ಯಾನಿನ ಕೆಳಗೆ ನಿಂತಿದ್ದರು. ಆ ಜಾಗದಲ್ಲಿ ಅವರನ್ನು ಯಾರೂ ಕಂಡಿರಲಿಲ್ಲ. ಗಂಟಲು ಸರಿಮಾಡಿಕೊಂಡರು.

"ಮಾನ್ಯರೇ, ನಾಳೆಯಿಂದ ಕಾಫಿಗೆ ಎರಡು ರೂಪಾಯಿ ಜಾಸ್ತಿ. ದೋಸೆಗೆ ಐದು." ಇಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು, ಇನ್ನೇನು ಏಟು ಬೀಳುತ್ತದೆ ಎನ್ನುವವರ ಹಾಗೆ.

ಏಟು ಬೀಳಲಿಲ್ಲ. ಸೆಲ್ವಂ, "ಆಗಲಿ ಸಾರ್," ಎಂದರು. ಹಂಸಾಕ ಕೈ ಎತ್ತಿದ. ಬೇಸಿನ್ ಪಕ್ಕದ ಉಳಿದವರೂ ಕೈ ಎತ್ತಿದರು. ನಾನೂ ಎತ್ತಿದೆ.

ಮಾವ ಕಣ್ಣು ಬಿಟ್ಟು ನೋಡಿದವರೇ ಕೆಂಡಾಮಂಡಲವಾದರು. "ಏನ್ರೀ ಇದು ಅನ್ಯಾಯ! ಬೆಲೆ ಏರ್ಸಿದೀನಿ, ಮಾತಿಗೆ ತಪ್ಪಿದೀನಿ, ಒಬ್ಬ ಕೇಳೋ ಗಂಡಸಿಲ್ವಾ? ಇಷ್ಟು ವರ್ಷ ನಿಮಗೆಲ್ಲ ಏನು ಕಲಿಸ್ದೆ ನಾನು? ಎದ್ದು ನಿಂತ್ಕಳ್ರೀ! ಪ್ರಶ್ನೆ ಕೇಳ್ರೀ!"

ಹಂಸಾಕ ಹೆದರಿ ಎದ್ದು ನಿಂತ. ತಲೆ ಕೆರೆದುಕೊಂಡ. "ಸಾವ್ಕಾರ್ರೇ, ಚಟ್ನಿ ಎರಡನೇ ಸಲ ಹಾಕ್ತೀರಲ್ಲಾ?"

"ಹಾಕ್ತೀನಿ! ಥೂ, ಇದೂ ಒಂದು ಪ್ರಶ್ನೆಯಾ? ಕೂತ್ಕ!"

ಆಗ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಗಿರಾಕಿಗಳಿರುವಾಗ ಹೊರಗೆ ಬರುವವರಲ್ಲ ಅವರು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ನಂದೊಂದು ಐತೆ," ಎಂದರು.

ಮಾವನ ಮುಖ ಅರಳಿತು. "ಕೇಳು, ಕೇಳು! ನೋಡ್ರಯ್ಯಾ, ಕೊನೆಗೂ ಒಬ್ಬಳಾದ್ರೂ!"

"ನೀವು ಬೆಳಿಗ್ಗೆಯಿಂದ ಏನು ತಿಂದ್ರಿ?"

ಮಾವ ತಡವರಿಸಿದರು. "ಅದು... ಉಪವಾಸ ಕಣೆ. ಸೋಮವಾರ ಅಲ್ವಾ."

"ಇವತ್ತು ಗುರುವಾರ. ನಿನ್ನೇನೂ ಸೋಮವಾರ ಅಂದ್ರಿ, ಮೊನ್ನೇನೂ ಸೋಮವಾರ ಅಂದ್ರಿ. ಯಾವ ಊರಿನ ಪಂಚಾಂಗ ಇದು? ಇಲ್ಲೀವರೆಗೆ ಬೆಲೆ ಏರಿಸ್ದೆ ನಡೆಸಿದ್ದು ಹೆಂಗೆ ಅಂತ ನನಗೆ ಗೊತ್ತಾಗಲ್ವಾ? ನಿಮ್ಮ ಪಾಲಿನ ದೋಸೇನ ಗಿರಾಕಿಗೆ ಕೊಟ್ಟು, ನೀರು ಕುಡಿದು ಭಾಷಣ ಮಾಡ್ತಿದ್ರಲ್ಲ, ಯಾಕೆ? ಹೇಳಿ!"

ಸೆಲ್ವಂ ತಮ್ಮ ತಟ್ಟೆಯನ್ನೇ ನೋಡುತ್ತಾ ಕೂತರು. ನಾನು ದಿನಾ ಬಂದು ಕೂತು, ನಕ್ಕು, ಅವರ ದೋಸೆಯನ್ನೇ ತಿಂದು ಹೋಗಿದ್ದೆ.

ಮಾವ ಅತ್ತೆಯನ್ನು ನೋಡಿದರು. ಸಡಿಲವಾಗಿದ್ದ ಬಳೆ, ಒಳಗೆ ಹೋಗಿದ್ದ ಕೆನ್ನೆ, ಎಲ್ಲವನ್ನೂ ಆಗಷ್ಟೇ ಕಂಡವರ ಹಾಗೆ ನೋಡಿದರು. ಅವರ ಪ್ರಶ್ನೆಗಳೆಲ್ಲ ಮೊಳದುದ್ದ ಎಂದೆನಲ್ಲ, ಇದು ಹಾಗಿರಲಿಲ್ಲ.

"ನೀನು ತಿಂದ್ಯಾ?"

ಅತ್ತೆ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದರು.

ಸೆಲ್ವಂ ಎದ್ದು ಬೇಸಿನ್ ಪಕ್ಕದ ತಮ್ಮ ಬೆಂಚನ್ನು ಖಾಲಿ ಮಾಡಿ ಒರೆಸಿದರು. ಹಂಸಾಕ ಫ್ಯಾನನ್ನು ಆ ಕಡೆ ತಿರುಗಿಸಿದ. ನಾನು ಒಳಗೆ ಹೋಗಿ ಕಾವಲಿ ಇಟ್ಟೆ. ನನಗೆ ದೋಸೆ ಹುಯ್ಯಲು ನೆಟ್ಟಗೆ ಬರುವುದಿಲ್ಲ, ಒಂದು ಹರಿಯಿತು, ಒಂದು ಸೀದಿತು. ಅವುಗಳನ್ನೇ ಎರಡು ತಟ್ಟೆಯಲ್ಲಿ ಹಾಕಿಕೊಂಡು ಬಂದಾಗ ಇಬ್ಬರೂ ಗಿರಾಕಿಗಳ ಹಾಗೆ ಪಕ್ಕಪಕ್ಕದಲ್ಲಿ ಕೂತಿದ್ದರು. ಎಷ್ಟೋ ವರ್ಷದಿಂದ ಆ ಹೋಟೆಲಿನಲ್ಲಿ ಸಾವಿರಾರು ಜನರಿಗೆ ಬಡಿಸಿದ ಅವರಿಬ್ಬರಿಗೆ ಯಾರಾದರೂ ಬಡಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.