ಫಹಾಹೀಲಿನಿಂದ ಕಾಣುವ ಫಿಲಡೆಲ್ಫಿಯಾ

ಕೊಲ್ಲಿ ದೇಶದ ಈ ಫಹಾಹೀಲಿನ ಕೋಣೆಯಲ್ಲಿ ಕೂತು ಫಿಲಡೆಲ್ಫಿಯಾದಲ್ಲಿ ಸಂಸಾರ ಮಾಡುವವನಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಹೆಂಡತಿ ನರ್ಸ್ ಕೆಲಸ ಸಿಕ್ಕಿ ಮಗಳೊಡನೆ ಆ ಹಳೆಯ ಅಮೆರಿಕನ್ ಊರಿಗೆ ಹೋದಳು. ನನ್ನ ವೀಸಾ ಮಾತ್ರ ಯಾರದೋ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿದೆ. ಹನ್ನೆರಡು ವರ್ಷದ ಮಗಳು ಫೋನಿನಲ್ಲಿ "ಓಕೆ ಅಪ್ಪಾ, ಬೈ" ಎನ್ನುವಷ್ಟಕ್ಕೆ ಬಂದು ನಿಂತಿದ್ದಳು. ಮುಂದೆ ಬರೀ 'ಬೈ' ಉಳಿದೀತೆಂದು ಹೆದರಿ, ಮಾತಿಗೊಂದು ನೆಪವಾಗಲಿ ಎಂದು ಆ ಊರಿನ ಚರಿತ್ರೆ ಓದತೊಡಗಿದೆ.

ಒಡೆದ ಗಂಟೆ

ಮೀನಾ ಅಬ್ದುಲ್ಲಾದ ಎಣ್ಣೆ ಶುದ್ಧೀಕರಣ ಘಟಕದಲ್ಲಿ ಪೈಪುಗಳ ಬಿರುಕು ಹುಡುಕುವುದು ನನ್ನ ಕೆಲಸ. ಇಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಫೋರ್‌ಮನ್ "ಖಲಾಸ್, ಬಿಚ್ಚಿ ಬಿಸಾಕು" ಎನ್ನುತ್ತಾನೆ. ಅಲ್ಲಿ ಬಿರುಕು ಬಿಟ್ಟ ಸ್ವಾತಂತ್ರ್ಯದ ಗಂಟೆಯ ಮುಂದೆ ಜನ ಸಾಲುಗಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನ ಕೋಣೆಯಲ್ಲಿರುವ ಬ್ಯಾರಿ ಭಾಯಿಗೆ ಇದನ್ನು ಹೇಳಿದೆ. ಅವರು ಮಾರ್ಕೆಟ್ಟಿನ ಅತ್ತರಿನ ಅಂಗಡಿಯಲ್ಲಿದ್ದಾರೆ.

"ರಿಪೇರಿ ಮಾಡ್ಲಿಲ್ವಾ ಮಾರಾಯ್ರೆ?"

"ಊರಿನ ಇಬ್ಬರು ಕರಗಿಸಿ ಮತ್ತೆ ಎರಕ ಹೊಯ್ದರಂತೆ. ಆಮೇಲೆ ಅದೂ ಒಡೀತಂತೆ."

"ಹಾಗಾದ್ರೆ ನಮ್ಮ ಬಿಲ್ಡಿಂಗಿನ ಎಸಿ ರಿಪೇರಿಯವ್ರ ಅಜ್ಜಂದಿರೇ ಇರ್ಬೇಕು" ಎಂದರು ಭಾಯಿ.

ದಾರಿ

ಒಮ್ಮೆ ಹೆಂಡತಿ ಹಳೇ ಊರಿನಲ್ಲಿ ದಾರಿ ತಪ್ಪಿಸಿಕೊಂಡು ನನಗೇ ಫೋನು ಮಾಡಿದಳು. "ಇಟ್ಟಿಗೆಯ ಪುಟ್ಟ ಮನೆಗಳ ಓಣಿ ಇದೆಯಾ? ಮುನ್ನೂರು ವರ್ಷದಷ್ಟು ಹಳೇದು, ಈಗಲೂ ಜನ ಇದ್ದಾರೆ. ಅದನ್ನು ದಾಟಿ ನದಿ ಕಡೆ ನಡಿ" ಎಂದೆ. ಸರಿಯಾಗಿ ತಲುಪಿದರು. ಮಗಳು "ಹೌ ಡು ಯು ನೋ, ಅಪ್ಪಾ?" ಎಂದಳು. ಅದು 'ಬೈ'ಗಿಂತ ಉದ್ದವಾದ ಮಾತು. ಆ ದಿನವೆಲ್ಲ ನೆಲದ ಮೇಲೆ ಕಾಲಿರಲಿಲ್ಲ.

ಮರುದಿನ ಸಂಜೆ ನಮ್ಮ ಬೀದಿಯಲ್ಲಿ ಒಬ್ಬರು ಔಷಧಿ ಅಂಗಡಿ ಎಲ್ಲಿ ಎಂದು ಕೇಳಿದರು. ನಾನು ಫೋನಿನಲ್ಲಿ ಮ್ಯಾಪು ಹುಡುಕತೊಡಗಿದೆ. ಅದು ನಮ್ಮ ಬಿಲ್ಡಿಂಗಿನ ಕೆಳಗೇ ಇತ್ತು. ಜೊತೆಗಿದ್ದ ಭಾಯಿ ಅವರಿಗೆ ದಾರಿ ತೋರಿಸಿ, "ಇವ್ರ ಹತ್ರ ಫಿಲಡೆಲ್ಫಿಯಾದ್ದು ಕೇಳಿ, ಇಲ್ಲಿಯದ್ದು ಗೊತ್ತಿಲ್ಲ" ಎಂದರು.

ಕ್ಯಾಮೆರಾ

ಆ ಊರಿನ ಒಂದು ಚೌಕವನ್ನು ಇಂಟರ್‌ನೆಟ್ಟಿನಲ್ಲಿ ಸದಾ ತೋರಿಸುವ ಕ್ಯಾಮೆರಾ ಅಲ್ಲಿನ ಒಂದು ಕಂಬದ ಮೇಲಿದೆ. "ಅದರ ಕೆಳಗೆ ನಿಂತು ಒಮ್ಮೆ ಕೈ ಬೀಸ್ರೇ" ಎಂದು ಗೋಗರೆದೆ. ಹೆಂಡತಿ ಒಪ್ಪಿದಳು. ಮಗಳು ಮಾತ್ರ, "ನೋ ಅಪ್ಪಾ, ಕಂಬಕ್ಕೆ ಯಾರು ಕೈ ಬೀಸ್ತಾರೆ? ಪೀಪಲ್ ವಿಲ್ ಸ್ಟೇರ್" ಎಂದಳು. ನನಗೆ ಬೇಕಾಗಿದ್ದುದು ಅವಳ ಕೈಯೇ.

ಶನಿವಾರ ಸಂಜೆ ಭಾಯಿಯೂ ಪಕ್ಕದ ಕೋಣೆಯವರೂ ಚಹಾ ಹಿಡಿದು ನನ್ನ ಲ್ಯಾಪ್‌ಟಾಪಿನ ಮುಂದೆ ಕೂತರು. ನೀಲಿ ಕೋಟಿನ ಹೆಂಗಸು, ಜೊತೆಗೊಬ್ಬ ಹುಡುಗಿ ಬಂದು ನಿಂತರು. ನಾನು ಎದ್ದುನಿಂತು ಕೈ ಬೀಸಿದೆ. ಉಳಿದವರೂ ಬೀಸಿದರು. ಅಷ್ಟರಲ್ಲಿ ಹೆಂಡತಿಯ ಫೋನು: "ರೀ, ನಾವಿನ್ನೂ ಬರ್ತಾ ಇದ್ದೀವಿ." ಯಾರದೋ ಹೆಂಡತಿಗೆ ಇಡೀ ಕೋಣೆ ಕೈ ಬೀಸಿತ್ತು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. "ಕೈ ಬೀಸಿ ಆಯ್ತು ರೀ, ಬಸ್ ಹತ್ತಿದ್ವಿ. ಕಾಣಿಸಿದ್ವಾ?" ಪರದೆಯಲ್ಲಿ ಪಾರಿವಾಳಗಳು ಬಿಟ್ಟರೆ ಯಾರೂ ಇರಲಿಲ್ಲ. "ಹ್ಞೂಂ" ಎಂದು ಸುಳ್ಳು ಹೇಳಿ ಫೋನಿಟ್ಟು ಮುಖ ತಿರುಗಿಸಿಕೊಂಡೆ.

"ಮಾರಾಯ್ರೆ, ನೋಡಿ!" ಭಾಯಿ ಕಿರುಚಿದರು. ಆ ಕ್ಯಾಮೆರಾದ ಚಿತ್ರ ನಮ್ಮನ್ನು ಮುಟ್ಟುವುದು ಕೆಲವು ನಿಮಿಷ ತಡವಾಗಿಯಂತೆ. ಪರದೆಯಲ್ಲಿ ಹೆಂಡತಿ ಈಗ ನಡೆದು ಬರುತ್ತಿದ್ದಳು. ಕಂಬಕ್ಕೆ ಕೈ ಬೀಸಲು ನಾಚಿದ್ದ ಮಗಳು ಎರಡೂ ಕೈ ಎತ್ತಿ ಕುಣಿಕುಣಿದು ಬೀಸಿದಳು. ನಾನೂ ಬೀಸಿದೆ, ಬೀಸುತ್ತಲೇ ಇದ್ದೆ.

"ಸಾಕು ಮಾರಾಯ್ರೆ, ಅವ್ರು ಬಸ್ಸಲ್ಲಿ ಕೂತು ಎಷ್ಟು ಹೊತ್ತಾಯ್ತು!" ಎಂದರು ಭಾಯಿ. ತಿರುಗಿ ನೋಡಿದರೆ ಅವರೂ ಎರಡೂ ಕೈ ಬೀಸುತ್ತಿದ್ದರು.