ನೀರು ಕುಡಿದ ಉಂಗುರ

೧. ಊಟ ಮಾಡೋ ಕೈ

ಉದಯಗಿರಿಯಲ್ಲಿ ಅದೇ ಪಂಕ್ಚರ್ ಅಂಗಡಿ ಮುಂದೆ ಮೂರನೇ ಸಲ ಸ್ಕೂಟರ್ ನಿಲ್ಲಿಸಿ, ಹರಳು ಕೂರಿಸುವ ಸಾಹೇಬರ ಅಂಗಡಿ ಎಲ್ಲಿ ಅಂತ ಕೇಳಿದೆ. ಅಂಗಡಿಯವನು ತಲೆ ಎತ್ತದೆ, "ಆಗ್ಲೇ ಬಲಕ್ಕೆ ಅಂದ್ನಲ್ಲಮ್ಮ. ಬಲಕ್ಕೆ ಅಂದ್ರೆ ಊಟ ಮಾಡೋ ಕೈ" ಅಂದ. ಹಿಂದೆ ಕೂತಿದ್ದ ಪಕ್ಕದ ಮನೆ ಅಕ್ಕ, "ಭೂಮಿ ಸುತ್ತಿ ಬಂದೋಳು ಕಣಪ್ಪ, ಸ್ವಂತ ಊರಲ್ಲಿ ಕಳೆದುಹೋಗ್ತಾಳೆ" ಅಂತ ಅವನಿಗೆ ವರದಿ ಒಪ್ಪಿಸಿದರು.

ಅಕ್ಕನಿಗೆ ಆ ಹಕ್ಕಿದೆ. ನಾನು ಊರು ಬಿಟ್ಟಾಗಲೆಲ್ಲ ಜಯಲಕ್ಷ್ಮಿಪುರಂನ ನನ್ನ ಗಿಡಗಳಿಗೆ ನೀರು ಹಾಕುವವರು ಅವರೇ. ಹತ್ತು ವರ್ಷದ ಋಣ. ಅದಕ್ಕೇ ಇಥಿಯೋಪಿಯಾದಿಂದ ಓಪಲ್ ಹರಳಿನ ಉಂಗುರ ತಂದುಕೊಟ್ಟಿದ್ದೆ, ಹಸಿರು ಕೆಂಪು ಕಿಡಿ ಹಾರಿಸುವಂಥದ್ದು. ತಿಂಗಳೊಳಗೆ ಅದು ಬರೀ ಗಾಜಿನ ಚೂರಿನಂತಾಯಿತು. ಅಕ್ಕ ಬಯ್ಯಲಿಲ್ಲ. "ಪರವಾಗಿಲ್ಲ ಬುಡು, ನಿಂಗೇ ಯಾರೋ ಟೋಪಿ ಹಾಕಿರ್ಬೇಕು" ಅಂದರು. ಬೈದಿದ್ದರೆ ನಿದ್ದೆ ಬರುತ್ತಿತ್ತು. ಗಾಜು ಕೊಟ್ಟು ಕೈ ತೊಳೆದುಕೊಂಡಳು ಅಂತ ಅವರ ಮನಸ್ಸಲ್ಲಿ ಉಳಿದುಬಿಟ್ಟರೆ? ಅಸಲಿಯೋ ನಕಲಿಯೋ ಸಾಹೇಬರೇ ಹೇಳಲಿ ಅಂತ ಹೊರಟಿದ್ದೆವು.

೨. ಶುಕ್ರನಿಗೆ ಪೊರೆ

ಓಪಲ್‌ಗೆ ನೀರು ಏನೂ ಮಾಡಲ್ಲ ಅಂತ ಬೀದಿಗೆಲ್ಲ ಸಾರಿದ್ದವಳೂ ನಾನೇ. ನನ್ನ ಆಸ್ಟ್ರೇಲಿಯಾದ ಉಂಗುರ ಇಡೀ ಒಂದೇ ಹರಳು. ಸಮುದ್ರದಲ್ಲಿ ಈಜಿದೆ, ಸಾರಿನ ಪಾತ್ರೆ ತೊಳೆದಿದೆ, ಅದಕ್ಕೇನೂ ಆಗಿಲ್ಲ.

ನನ್ನ ಮಾತು ನಂಬಿದ ಮೊದಲನೆಯವರು ಹಿಂದಿನ ಬೀದಿಯ ನಿವೃತ್ತ ಟೀಚರ್. ಅವರ ಪದಕದಲ್ಲಿದ್ದದ್ದು ತೆಳ್ಳನೆಯ ಓಪಲ್ ಪದರ, ಕೆಳಗೆ ಕಪ್ಪು ಕಲ್ಲು, ನಡುವೆ ಅಂಟು. ಶುಕ್ರನ ಹರಳು, ಹಾಲು-ನೀರಲ್ಲಿ ಶುದ್ಧಿ ಮಾಡಿ ಹಾಕ್ಕೊಳ್ಳಿ ಅಂದಿದ್ದರು ಜೋಯಿಸರು. ಒಂದು ಸಲ ಅದ್ದಿದ್ದರೆ ಸಾಕಿತ್ತು. ಟೀಚರ್ ಮೂರು ದಿನ ನೆನೆಹಾಕಿದರು, ಕಡಲೆಕಾಳಿನ ಹಾಗೆ. ಅಂಟಿನೊಳಗೆ ನೀರು ನುಗ್ಗಿ ಹರಳು ಮಂಜಾಯಿತು.

"ಶುಕ್ರನಿಗೆ ಪೊರೆ ಬಂದ್ಬುಟ್ಟಿದೆ ಕಣ್ರೀ, ಆಪರೇಷನ್ ಮಾಡ್ತಾರಾ?" ಅಂತ ಕೇಳಿದರು.

ಮಾಡಲ್ಲ. ಬಲಿಯ ಕಮಂಡಲದ ನೀರಿಗೆ ಅಡ್ಡ ಕೂತು ಆಗಲೇ ಒಂದು ಕಣ್ಣು ಕಳಕೊಂಡವನು. ಅವನಿಗೂ ನೀರಿಗೂ ಯಾವತ್ತೂ ಆಗಿಬಂದಿಲ್ಲ.

೩. ಒಣಗುವ ವ್ರತ

ಸಾಹೇಬರು ಭೂತಗನ್ನಡಿ ಇಟ್ಟು ನೋಡಿ, ಪಾತ್ರೆ ನೀವೇ ತೊಳೀತೀರಾ ಅಂತ ಅಕ್ಕನನ್ನು ಕೇಳಿದರು. ಪಾತ್ರೆ, ಬಾಗಿಲು, ಎರಡು ಮನೆ ಗಿಡ, ಎಲ್ಲಾ ನಾನೇ ಅಂದರು ಅಕ್ಕ.

"ಅಸಲಿ ಮಾಲು ಅಮ್ಮ. ಇದು ನೀರು ಕುಡಿಯೋ ಜಾತಿ, ಹೊಟ್ಟೆ ತುಂಬಿದೆ ಅಷ್ಟೆ. ತೆಗೆದು ಹತ್ತು ದಿನ ನೆರಳಲ್ಲಿಡಿ. ಬಿಸಿಲು ಬೇಡ, ಬಿರುಕು ಬಿಡುತ್ತೆ."

ಅಕ್ಕ ಮುಷ್ಟಿ ಬಿಗಿದರು. ಶುಕ್ರದೆಸೆ ಮುಗಿಯುವವರೆಗೂ ತೆಗೆಯಬಾರದು ಅಂತ ಅವರಿಗೂ ಜೋಯಿಸರು ಹೇಳಿದ್ದರಂತೆ. ಶುಕ್ರದೆಸೆ ಇಪ್ಪತ್ತು ವರ್ಷ.

"ಹಂಗಾದ್ರೆ ಕೈಗೆ ನೀರು ಸೋಕಬಾರದು" ಅಂದರು ಸಾಹೇಬರು. ಇಬ್ಬರೂ ನನ್ನ ಕಡೆ ನೋಡಿದರು.

ಅಂದಿನಿಂದ ಅಕ್ಕನ ಬಾಗಿಲಿಗೆ ನೀರು ಹಾಕಿದವಳು ನಾನು, ಪಾತ್ರೆ ತಿಕ್ಕಿದವಳು ನಾನು. ಸ್ನಾನಕ್ಕೆ ಅವರ ಕೈಗೆ ಹಾಲಿನ ಕವರ್ ಹಾಕಿ ರಬ್ಬರ್‌ಬ್ಯಾಂಡ್ ಬಿಗಿದವಳೂ ನಾನೇ. ಅಕ್ಕ ಕುರ್ಚಿ ಹಾಕಿಸಿಕೊಂಡು, ದಾಸವಾಳಕ್ಕೆ ಇನ್ನೊಂದು ಚೊಂಬು, ಬುಡಕ್ಕೆ ಹಾಕು, ನೆತ್ತಿಗಲ್ಲ ಅನ್ನುತ್ತಿದ್ದರು.

ಹತ್ತನೇ ದಿನ ಬೆಳಗ್ಗೆ ಹರಳಲ್ಲಿ ಹಸಿರು ಕಿಡಿ ಹಾರಿತು. ಅಕ್ಕ ಕೈಯನ್ನು ಕಣ್ಣ ಹತ್ತಿರ ತಂದು ತುಂಬ ಹೊತ್ತು ನೋಡಿದರು.

"ನಿನ್ನ ಮೇಲೆ ಅನುಮಾನಪಟ್ಟೆ ಕಣೇ. ತಪ್ಪಾಯ್ತು."

ಋಣ ತೀರಿತಾ ಅಕ್ಕ ಅಂತ ಕೇಳುತ್ತಾ ಪೊರಕೆ ಗೋಡೆಗೆ ಒರಗಿಸಿದೆ.

"ತೀರ್ತು ತೀರ್ತು" ಅಂದವರು ಮತ್ತೊಮ್ಮೆ ಉಂಗುರ ನೋಡಿದರು. "ಅಂಚಲ್ಲಿ ಸ್ವಲ್ಪ ತೇವ ಇದ್ದಂಗಿದೆ. ಇನ್ನೆರಡು ದಿನ ನೋಡೋಣ. ಆ ಚೊಂಬು ತಗೋ."